ಅರಬ್ ಸೈ-ಫೈನಲ್ಲಿ ರಾಕೆಟ್ ಯಾಕಿಲ್ಲ?

ಪ್ರಶ್ನೆ: ಅರಬ್ ಲೇಖಕರ ವೈಜ್ಞಾನಿಕ ಕಾದಂಬರಿ ಅಂತ ಹಿಡಿದರೆ ಬರೀ ರಾಜಕೀಯವೇ ಸಿಗುತ್ತದೆ. ಸರ್ಕಾರಕ್ಕೆ ಹೆದರಿ ಹೀಗೆ ಸುತ್ತಿ ಬಳಸಿ ಬರೆಯುತ್ತಾರಾ?

ಉತ್ತರ: ಹೆದರಿಕೆ ಇಲ್ಲವೇ ಇಲ್ಲ ಅನ್ನಲಾರೆ. ಆದರೆ ಅಷ್ಟೇ ಕಾರಣವಾಗಿದ್ದರೆ ಹೊರದೇಶದಲ್ಲಿ ಕೂತು ಬರೆಯುವವರು ನೇರವಾಗಿ ಬರೆಯಬೇಕಿತ್ತು, ಅಲ್ವಾ? ಫಿನ್ಲೆಂಡಿನಲ್ಲಿ ನೆಲೆಸಿರುವ ಇರಾಕಿ ಲೇಖಕ ಹಸನ್ ಬ್ಲಾಸಿಮ್ ಸಂಪಾದಿಸಿದ 'ಇರಾಕ್ + 100' ಬ್ರಿಟನ್ನಿನಲ್ಲಿ 2016ರಲ್ಲಿ ಅಚ್ಚಾಯಿತು. ಅದರ ಕಥೆಗಳೂ ಭವಿಷ್ಯದವೇ. 2103ರ ಇರಾಕ್ ಹೇಗಿದ್ದೀತು ಎಂದು ಕೇಳುತ್ತವೆ. ಯಾಕೆ 2103? ಅಮೆರಿಕದ ಪಡೆ ನುಗ್ಗಿದ್ದು 2003ರಲ್ಲಿ. 2019ರ 'ಪ್ಯಾಲೆಸ್ಟೈನ್ + 100' ಕಥೆಗಳು ನಡೆಯುವುದು 2048ರಲ್ಲಿ. 1948ರಲ್ಲಿ ಲಕ್ಷಾಂತರ ಪ್ಯಾಲೆಸ್ಟೀನಿ ಜನ ಮನೆ ಕಳೆದುಕೊಂಡ 'ನಕ್ಬಾ'ಕ್ಕೆ ಆಗ ನೂರು ವರ್ಷ.

ಹಾಗಾದರೆ ಇವುಗಳಲ್ಲಿ ಹೊಸ ಕಲ್ಪನೆ ಎಲ್ಲಿದೆ? ಈಜಿಪ್ಟಿನ ಮನೋವೈದ್ಯೆ ಬಾಸ್ಮಾ ಅಬ್ದೆಲ್ ಅಜೀಜ್ ಬರೆದ ಕಾದಂಬರಿ 'ಅಲ್-ತಾಬೂರ್' (2013) ನೋಡಿ. ಹೆಸರಿನ ಅರ್ಥ 'ಕ್ಯೂ' ಅಂತ. ಜನರ ದಂಗೆ ಅಡಗಿದ ಮೇಲೆ ಊರಲ್ಲಿ 'ದ್ವಾರ' ಎಂಬ ಅಧಿಕಾರ ತಲೆಯೆತ್ತಿದೆ. ಎಲ್ಲದಕ್ಕೂ ಅದರ ಅಪ್ಪಣೆ ಬೇಕು, ಆದರೆ ಬಾಗಿಲು ಮಾತ್ರ ತೆರೆಯುವುದೇ ಇಲ್ಲ. ಜನ ನಿಂತೇ ಇದ್ದಾರೆ. ಯಹ್ಯಾ ಎಂಬವನ ಮೈಯೊಳಗೆ ಗುಂಡು ಹೊಕ್ಕಿದೆ. ಅದನ್ನು ತೆಗೆಯಲು ಡಾಕ್ಟರಿಗೆ ಅನುಮತಿ ಪತ್ರ ಬೇಕು. ಗುಂಡೇ ಹಾರಿಲ್ಲ ಅನ್ನುತ್ತದೆ ಸರ್ಕಾರ. ಹಾರದ ಗುಂಡು ತೆಗೆಯಲು ಅನುಮತಿ ಕೊಡೋದು ಹೇಗೆ? ಬೇರೆಯವರು ಹೊಸ ಯಂತ್ರ ಕಲ್ಪಿಸಿಕೊಂಡರೆ ಈಕೆ ಒಂದು ಸರ್ಕಾರಿ ನಿಯಮ ಕಲ್ಪಿಸಿಕೊಂಡರು. ಕಚೇರಿ ಮುಂದೆ ಅರ್ಜಿ ಹಿಡಿದು ನಿಂತವರಿಗೆ ಇದು ಜಾಸ್ತಿ ದೂರದ ಭವಿಷ್ಯ ಅನ್ನಿಸದು.

ಈಜಿಪ್ಟಿನ ಇನ್ನೊಬ್ಬ ಲೇಖಕ ಅಹ್ಮದ್ ಖಾಲಿದ್ ತೌಫೀಕ್ ಕೂಡ ವೈದ್ಯರೇ ಆಗಿದ್ದರು. ಅವರ ಕಾದಂಬರಿ 'ಯುಟೋಪಿಯಾ' 2008ರಲ್ಲಿ ಬಂತು, ಕಥೆ ನಡೆಯುವುದು 2023ರಲ್ಲಿ. ಈಜಿಪ್ಟಿನ ಸಿರಿವಂತರು ಸಮುದ್ರ ತೀರದಲ್ಲಿ ಬೇಲಿಯೊಳಗೆ ಸೇರಿಕೊಂಡಿದ್ದಾರೆ. ಕಾವಲಿಗೆ ಅಮೆರಿಕದ ಮಾಜಿ ಸೈನಿಕರು. ಒಳಗಿನ ಹುಡುಗರಿಗೆ ಬೇಜಾರಾದರೆ ಹೊರಗಿನ ಬಡವರನ್ನು ಬೇಟೆಯಾಡುತ್ತಾರೆ. ತೌಫೀಕ್ ಇದನ್ನು ಬರೆಯುವಾಗಲೇ ಕೈರೋ ಸುತ್ತ ಗೋಡೆ ಕಟ್ಟಿದ ಬಡಾವಣೆಗಳು ಏಳುತ್ತಿದ್ದವು.

ರಾಕೆಟ್ ಬೇಕೇ ಬೇಕು ಅಂದರೆ ಪ್ಯಾಲೆಸ್ಟೀನಿ ಕಲಾವಿದೆ ಲಾರಿಸಾ ಸನ್ಸೂರ್ ಅವರ ಕಿರುಚಿತ್ರ ನೋಡಿ. 2009ರದ್ದು. ಅದರಲ್ಲಿ ಪ್ಯಾಲೆಸ್ಟೀನಿ ಹೆಣ್ಣೊಬ್ಬಳು ಚಂದ್ರನ ಮೇಲೆ ತನ್ನ ಬಾವುಟ ನೆಡುತ್ತಾಳೆ. 2012ರ ಇನ್ನೊಂದು ಚಿತ್ರದಲ್ಲಿ ಇಡೀ ದೇಶವೇ ಒಂದು ಬಹುಮಹಡಿ ಕಟ್ಟಡ, ಒಂದೊಂದು ಮಹಡಿಗೆ ಒಂದೊಂದು ಊರು. ಜೆರುಸಲೇಮಿನಿಂದ ಬೆತ್ಲೆಹೆಮ್‌ಗೆ ಹೋಗಲು ಚೆಕ್‌ಪೋಸ್ಟ್ ದಾಟಬೇಕಿಲ್ಲ, ಲಿಫ್ಟ್ ಹತ್ತಿದರಾಯಿತು.