ಅರ್ಧ ಗಂಟೆಗೊಂದು ಅಂಕಿ: ಉಚಿತ ವಿದ್ಯುತ್ ಆ್ಯಪ್‌ಗಳು ಸ್ಮಾರ್ಟ್ ಮೀಟರನ್ನು ಓದುವ ಬಗೆ

ಬಳಕೆಯ ಲೆಕ್ಕವನ್ನು ತಾನೇ ದೂರಕ್ಕೆ ಕಳಿಸುವ ಸ್ಮಾರ್ಟ್ ಮೀಟರ್ ವಿಷಯವನ್ನು ಓದಲು ಕುಳಿತವರು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದ ಸಂಗತಿ ಒಂದಿದೆ. ಮೀಟರಿಗೆ ಗೀಸರ್ ಗೊತ್ತಿಲ್ಲ, ಫ್ರಿಜ್ ಗೊತ್ತಿಲ್ಲ, ಮಿಕ್ಸಿಯೂ ಗೊತ್ತಿಲ್ಲ. ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಮನೆಯೊಳಗೆ ಇಷ್ಟು ಯೂನಿಟ್ ಹರಿಯಿತು ಎಂಬ ಅಂಕಿ ಮಾತ್ರ ಆ್ಯಪ್‌ನ ಕೈಗೆ ಸಿಗುತ್ತದೆ. ಅದು ಬ್ಯಾಂಕಿನ ಪಾಸ್‌ಬುಕ್ ಇದ್ದ ಹಾಗೆ: ಯಾವ ದಿನ ಎಷ್ಟು ಹಣ ತೆಗೆದಿರಿ ಎಂದು ಬರೆದಿರುತ್ತದೆ, ಆ ಹಣದಲ್ಲಿ ಏನು ಕೊಂಡಿರಿ ಎಂದು ಬರೆದಿರುವುದಿಲ್ಲ. ಪರದೆಯ ಮೇಲೆ ಬಣ್ಣ ಬಣ್ಣದ ಚಿತ್ರದಲ್ಲಿ ‘ಅಡುಗೆಮನೆ ಇಷ್ಟು, ಬಿಸಿನೀರು ಇಷ್ಟು’ ಎಂದು ಕಂಡರೆ, ಅದರಲ್ಲಿ ಅಳತೆ ಎಷ್ಟು, ಊಹೆ ಎಷ್ಟು ಎಂದು ಬೇರ್ಪಡಿಸುವುದನ್ನು ನಾವು ಕಲಿಯಬೇಕು. ಈ ಟಿಪ್ಪಣಿಯ ಕೆಲಸ ಅದೇ.

ಅಂಕಿ ಸಾಗುವ ದಾರಿ

ಇಂಥ ಉಚಿತ ಆ್ಯಪ್‌ಗಳು ಚೆನ್ನಾಗಿ ಬೆಳೆದಿರುವ ದೇಶ ಬ್ರಿಟನ್. ಅಲ್ಲಿನ ಮೀಟರ್ ಪ್ರತಿ ಅರ್ಧ ಗಂಟೆಯ ಬಳಕೆಯನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ ಮತ್ತು ಹದಿಮೂರು ತಿಂಗಳ ಲೆಕ್ಕವನ್ನು ನೆನಪಿನಲ್ಲಿ ಉಳಿಸಿಕೊಳ್ಳುತ್ತದೆ. ಈ ಅಂಕಿಗಳನ್ನು ಸಾಗಿಸಲು ಇಡೀ ದೇಶಕ್ಕೆ ಡಿಸಿಸಿ ಎಂಬ ಒಂದೇ ಸಂಸ್ಥೆಯ ಜಾಲವಿದೆ. ಅದಕ್ಕೆ ಪರವಾನಗಿ ಸಿಕ್ಕಿದ್ದು 2013ರಲ್ಲಿ. ಲೂಪ್, ಹ್ಯೂಗೋ, ಬ್ರೈಟ್ ಮುಂತಾದ ಆ್ಯಪ್‌ಗಳು ಕರೆಂಟ್ ಮಾರುವ ಕಂಪನಿಯನ್ನು ಕೇಳದೆ, ಮನೆಯವರ ಒಪ್ಪಿಗೆ ಪಡೆದು, ಈ ಜಾಲದ ಮೂಲಕ ನೇರವಾಗಿ ಅಂಕಿಗಳನ್ನು ತರಿಸಿಕೊಳ್ಳುತ್ತವೆ. ಆ ಮನೆಯಲ್ಲಿ ನಿಜವಾಗಿ ವಾಸಿಸುವವರೇ ಒಪ್ಪಿಗೆ ಕೊಟ್ಟಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಲು, ಮನೆಯೊಳಗೆ ಬಳಕೆ ತೋರಿಸುವ ಪುಟ್ಟ ಪ್ರದರ್ಶಕದ (ಡಿಸ್‌ಪ್ಲೇ) ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಕೇಳುವ ಪದ್ಧತಿಯಿದೆ.

ಇದರಿಂದ ಎರಡು ಸಂಗತಿಗಳು ಅರ್ಥವಾಗುತ್ತವೆ. ಆ್ಯಪ್ ಹಾಕಿಕೊಂಡ ಕೂಡಲೇ ಹಿಂದಿನ ಒಂದು ವರ್ಷದ ಲೆಕ್ಕ ತೆರೆದುಕೊಳ್ಳುವುದು ಹೇಗೆ ಎಂಬುದು ಒಂದು. ಅದು ಮೀಟರಿನಲ್ಲಿ ಮೊದಲೇ ಕುಳಿತಿತ್ತು. ಇವತ್ತಿನ ಬಳಕೆ ಸಾಮಾನ್ಯವಾಗಿ ನಾಳೆ ಕಾಣುವುದು ಏಕೆ ಎಂಬುದು ಇನ್ನೊಂದು. ಅಂಕಿಗಳನ್ನು ಒಟ್ಟಿಗೆ ತರಿಸುತ್ತಾರೆ, ಕ್ಷಣಕ್ಷಣವೂ ಅಲ್ಲ. ಮನೆಯೊಳಗಿನ ಪ್ರದರ್ಶಕ ಮಾತ್ರ ಸುಮಾರು ಹತ್ತು ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಏಕೆಂದರೆ ಅದು ಹೊರಗಿನ ಜಾಲ ಸುತ್ತದೆ ಮೀಟರಿನೊಡನೆ ನೇರವಾಗಿ ಮಾತನಾಡುತ್ತದೆ.

ಅಮೆರಿಕದಲ್ಲಿ 2012ರಲ್ಲಿ ಆರಂಭವಾದ ‘ಗ್ರೀನ್ ಬಟನ್’ ಪದ್ಧತಿಯಲ್ಲಿ ಗ್ರಾಹಕರೇ ವಿದ್ಯುತ್ ಕಂಪನಿಯ ತಾಣದಿಂದ ತಮ್ಮ ಕಡತವನ್ನು ಇಳಿಸಿಕೊಂಡು ತಮಗೆ ಬೇಕಾದ ಆ್ಯಪ್‌ಗೆ ಕೊಡಬಹುದು. ಭಾರತದ ದಾರಿ ಬೇರೆ. ಐಎಸ್ 16444 ಮಾನದಂಡದ ಮೀಟರಿನಿಂದ ಅಂಕಿಗಳು ರೇಡಿಯೋ ಅಥವಾ ಮೊಬೈಲ್ ಜಾಲದ ಮೂಲಕ ವಿತರಣಾ ಕಂಪನಿಯ ಸರ್ವರ್‌ಗೆ ಹೋಗುತ್ತವೆ; ಗ್ರಾಹಕರು ನೋಡುವುದು ಸಾಮಾನ್ಯವಾಗಿ ಆ ಕಂಪನಿಯ ಆ್ಯಪ್‌ನಲ್ಲಿಯೇ. ಸ್ಮಾರ್ಟ್ ಮೀಟರನ್ನು ದಿನಕ್ಕೆ ಒಮ್ಮೆಯಾದರೂ ದೂರದಿಂದ ಓದಬೇಕು, ಆ ಅಂಕಿಗಳನ್ನು ಗ್ರಾಹಕರಿಗೂ ಕೊಡಬೇಕು ಎಂದು ಕೇಂದ್ರದ 2023ರ ತಿದ್ದುಪಡಿ ನಿಯಮ ಹೇಳುತ್ತದೆ. ನಮ್ಮ ಹಾಸನ ಜಿಲ್ಲೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿಗೆ ಸೇರಿದೆ. ಇದೇ ನಿಗಮ ಮೈಸೂರಿನ ವಿ.ವಿ. ಮೊಹಲ್ಲಾದಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಗ್ರಾಹಕರನ್ನು ಒಳಗೊಂಡ ಸ್ಮಾರ್ಟ್ ಗ್ರಿಡ್ ಪ್ರಾಯೋಗಿಕ ಯೋಜನೆ ನಡೆಸಿತ್ತು ಎಂಬುದನ್ನು ನಮ್ಮ ಜಿಲ್ಲೆಯ ವಿದ್ಯಾರ್ಥಿಗಳು ನೆನಪಿಡಬೇಕು. ಈ ವಿಷಯ ನಮ್ಮಿಂದ ಬಹಳ ದೂರದ್ದೇನಲ್ಲ.

ಅರ್ಧ ಯೂನಿಟ್ ಯಾವುದರದ್ದು?

ಈ ಭಾಗವನ್ನು ನಿಧಾನವಾಗಿ ಓದಿ, ಕಾಗದದ ಮೇಲೆ ನೀವೂ ಲೆಕ್ಕ ಹಾಕಿ. ಒಂದು ಯೂನಿಟ್ ಎಂದರೆ ಒಂದು ಕಿಲೋವಾಟ್ (ಸಾವಿರ ವಾಟ್) ಒಂದು ಗಂಟೆ ನಡೆದ ಬಳಕೆ. ಬೆಳಿಗ್ಗೆ ಆರರಿಂದ ಆರೂವರೆಯ ಅಂಕಿ, ಎಂದಿನ ಬಳಕೆಗಿಂತ ಅರ್ಧ ಯೂನಿಟ್ ಹೆಚ್ಚು ತೋರಿಸಿತು ಎಂದುಕೊಳ್ಳಿ. ಎರಡು ಸಾವಿರ ವಾಟ್‌ನ ಗೀಸರ್ ಹದಿನೈದು ನಿಮಿಷ ಉರಿದರೆ 0.5 ಯೂನಿಟ್. ಸಾವಿರ ವಾಟ್‌ನ ಇಸ್ತ್ರಿ ಪೆಟ್ಟಿಗೆ ಅರ್ಧ ಗಂಟೆ ಕಾದೇ ಇದ್ದರೆ ಅದೂ 0.5. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಒಂದು ಎಚ್‌ಪಿ ಮೋಟಾರ್ ಹೆಸರಿಗೆ 746 ವಾಟ್ ಆದರೂ ನಷ್ಟ ಸೇರಿ ಸುಮಾರು ಒಂದು ಕಿಲೋವಾಟ್ ಎಳೆಯುತ್ತದೆ. ಅರ್ಧ ಗಂಟೆ ಓಡಿದರೆ ಮತ್ತೆ 0.5. ಮೂರೂ ಬೇರೆ ಬೇರೆ ಕೆಲಸಗಳು, ಆದರೆ ಆ್ಯಪ್‌ಗೆ ತಲುಪುವ ಅಂಕಿ ಒಂದೇ.

ಇನ್ನೂ ಒಂದು ತೊಡಕು. ಅದೇ ಗೀಸರನ್ನು 6:20ಕ್ಕೆ ಹಾಕಿ 6:40ಕ್ಕೆ ಆರಿಸಿದರೆ ಬಳಕೆ ಎರಡು ಅರ್ಧ ಗಂಟೆಗಳಿಗೆ ಹಂಚಿಹೋಗುತ್ತದೆ, ತಲಾ 0.33 ಯೂನಿಟ್. ನಕ್ಷೆಯಲ್ಲಿ ಅದು ಒಂದು ಗಂಟೆ ಕಾಲ ನಡೆದ 670 ವಾಟ್‌ನ ಯಾವುದೋ ಉಪಕರಣದಂತೆ ಕಾಣುತ್ತದೆ. ಎರಡು ಸಾವಿರ ವಾಟ್‌ನ ಸುಳಿವೇ ಅಲ್ಲಿ ಉಳಿಯುವುದಿಲ್ಲ.

ಹಾಗಾದರೆ ಉಪಕರಣಗಳನ್ನು ಗುರುತಿಸುವ ವಿದ್ಯೆಯೇ ಇಲ್ಲವೇ? ಇದೆ, ಮತ್ತು ಬಹಳ ಸೊಗಸಾದ ವಿದ್ಯೆ. ಅಮೆರಿಕದ ಎಂಐಟಿಯಲ್ಲಿ ಜಾರ್ಜ್ ಹಾರ್ಟ್ 1980ರ ದಶಕದಲ್ಲಿ ಇದನ್ನು ರೂಪಿಸಿದರು. ಅವರ ಪ್ರಸಿದ್ಧ ಲೇಖನ 1992ರದ್ದು. ಮನೆಯ ಮುಖ್ಯ ತಂತಿಯೊಂದನ್ನೇ ಸೂಕ್ಷ್ಮವಾಗಿ ಅಳೆದರೆ ಪ್ರತಿ ಉಪಕರಣ ಶುರುವಾದಾಗ ಒಂದು ಮೆಟ್ಟಿಲು ಏರುತ್ತದೆ, ನಿಂತಾಗ ಅಷ್ಟೇ ಎತ್ತರದ ಮೆಟ್ಟಿಲು ಇಳಿಯುತ್ತದೆ. ವಾಟ್ ಜೊತೆಗೆ ರಿಯಾಕ್ಟಿವ್ ಪವರ್ (ಕೆಲಸವಾಗಿ ಖರ್ಚಾಗದೆ ತಂತಿಯಲ್ಲಿ ಹೋಗಿ ಬರುತ್ತಿರುವ ಪಾಲು) ಕೂಡ ಅಳೆದರೆ ಕಾಯುವ ತಂತಿಯ ಗೀಸರ್ ಮತ್ತು ಸುರುಳಿಯ ಮೋಟಾರ್ ಬೇರೆಯಾಗಿ ನಿಲ್ಲುತ್ತವೆ, ಏಕೆಂದರೆ ಗೀಸರಿಗೆ ರಿಯಾಕ್ಟಿವ್ ಪಾಲು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಈ ಮೆಟ್ಟಿಲುಗಳು ಕಾಣಬೇಕಾದರೆ ಸೆಕೆಂಡುಗಳ ಲೆಕ್ಕದ ಅಳತೆ ಬೇಕು. ಅರ್ಧ ಗಂಟೆಯ ಮೊತ್ತದಲ್ಲಿ ಎಲ್ಲ ಮೆಟ್ಟಿಲುಗಳೂ ಸವೆದುಹೋಗಿರುತ್ತವೆ.

ಅದಕ್ಕಾಗಿಯೇ ಉಚಿತ ಆ್ಯಪ್‌ಗಳು ನಮ್ಮನ್ನು ಪ್ರಶ್ನೆ ಕೇಳುತ್ತವೆ: ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ, ನೀರು ಯಾವುದರಲ್ಲಿ ಕಾಯಿಸುತ್ತೀರಿ? ಈ ಉತ್ತರಗಳನ್ನೂ ಅಂಕಿಗಳ ಆಕಾರವನ್ನೂ ಸೇರಿಸಿ, ಅದೇ ಬಗೆಯ ಬೇರೆ ಮನೆಗಳೊಡನೆ ಹೋಲಿಸಿ ಪಾಲು ಹಂಚುತ್ತವೆ. ಕಾಯಿಸಲು ಸೋಲಾರ್ ಇರುವ, ಮಳೆಗಾಲದಲ್ಲಿ ಮಾತ್ರ ಗೀಸರ್ ಹಾಕುವ ಹಾಸನದ ಮನೆಗೆ ಬೇರೆ ಹವೆಯ ಮಾದರಿ ಹೊಂದುವುದಿಲ್ಲ. ನಮ್ಮ ಮನೆಗಳ ಇನ್ವರ್ಟರ್ ಕೂಡ ಲೆಕ್ಕ ತಪ್ಪಿಸುತ್ತದೆ. ಗಾಳಿಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಬ್ಯಾಟರಿ ಗಂಟೆಗಟ್ಟಲೆ ಕರೆಂಟ್ ಎಳೆಯುತ್ತದೆ. ಕರೆಂಟ್ ಹೋಗಿದ್ದಾಗ ಉರಿದ ದೀಪದ ಬಳಕೆ ಹೀಗೆ ತಡವಾಗಿ, ಬೇರೆ ಹೊತ್ತಿನ ಲೆಕ್ಕಕ್ಕೆ ಬೀಳುತ್ತದೆ. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ನೆಂಟರಿಂದ ತುಂಬಿದ ಮನೆಗೆ ‘ಕಳೆದ ವಾರಕ್ಕಿಂತ ಹೆಚ್ಚು ಬಳಸಿದ್ದೀರಿ’ ಎಂದು ಎಚ್ಚರಿಸಿದರೆ ಅಂಕಿ ಸರಿಯಾಗಿಯೇ ಇರುತ್ತದೆ, ಕಾರಣ ಮಾತ್ರ ಆ್ಯಪ್‌ಗೆ ತಿಳಿಯದು.

ರಾತ್ರಿಯ ತಳಮಟ್ಟ

ಇಷ್ಟೆಲ್ಲ ಮಿತಿಗಳ ನಡುವೆಯೂ ಅರ್ಧ ಗಂಟೆಯ ಅಂಕಿ ಒಂದು ಕೆಲಸವನ್ನು ಅತ್ಯಂತ ಚೆನ್ನಾಗಿ ಮಾಡುತ್ತದೆ. ಎಲ್ಲರೂ ಮಲಗಿದ ಮೇಲೆ, ರಾತ್ರಿ ಒಂದರಿಂದ ನಾಲ್ಕರವರೆಗೆ, ಮನೆ ಎಷ್ಟು ಎಳೆಯುತ್ತಿದೆ ಎಂದು ತೋರಿಸುತ್ತದೆ. ಇಲ್ಲಿ ಊಹೆ ಬಹಳ ಕಡಿಮೆ. ನನ್ನ ಪ್ರಕಾರ ಇಡೀ ಆ್ಯಪ್‌ನಲ್ಲಿ ನಂಬಿ ಕೈಹಿಡಿಯಬಹುದಾದ ಅಂಕಿ ಇದೇ.

ಲೆಕ್ಕ ಸುಲಭ. ಆ ಹೊತ್ತಿನ ಸರಾಸರಿ ಅರ್ಧ ಗಂಟೆಗೆ 0.04 ಯೂನಿಟ್ ಇದ್ದರೆ, ಎರಡರಿಂದ ಗುಣಿಸಿ: 0.08 ಕಿಲೋವಾಟ್, ಅಂದರೆ 80 ವಾಟ್. ದಿನಕ್ಕೆ 1.92 ಯೂನಿಟ್, ಮೂವತ್ತು ದಿನಕ್ಕೆ 57.6. ಒಂದೇ ಅರ್ಧ ಗಂಟೆಯನ್ನು ನೋಡಬೇಡಿ. ಫ್ರಿಜ್‌ನ ಕಂಪ್ರೆಸರ್ ಆಗ ನಿಂತಿರಬಹುದು ಅಥವಾ ಓಡುತ್ತಿರಬಹುದು. ಮೂರು ಗಂಟೆಗಳ ಸರಾಸರಿ ತೆಗೆದುಕೊಳ್ಳಿ. ಇದೆಲ್ಲವೂ ಪೋಲು ಎಂದೂ ತಿಳಿಯಬೇಡಿ, ಫ್ರಿಜ್ ಅದರಲ್ಲಿ ಸೇರಿದೆ. ಉಳಿದದ್ದು ಸೆಟ್‌ಟಾಪ್ ಬಾಕ್ಸ್, ವೈಫೈ ರೂಟರ್, ರಿಮೋಟಿಗಾಗಿ ಕಾದಿರುವ ಟಿವಿ, ಬ್ಯಾಟರಿ ತುಂಬಿದ ಮೇಲೂ ಸಣ್ಣಗೆ ಎಳೆಯುವ ಇನ್ವರ್ಟರ್.

ನಮ್ಮಲ್ಲಿ ಈ ಅಂಕಿಗೆ ಇನ್ನೊಂದು ತೂಕವಿದೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಮನೆಯ ಹಳೆಯ ಸರಾಸರಿಗೆ ಶೇಕಡಾ 10 ಸೇರಿಸಿ (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇರುವ ಮನೆಗಳಿಗೆ 2024ರಿಂದ 10 ಯೂನಿಟ್ ಸೇರಿಸಿ) ಅರ್ಹ ಮಿತಿ ನಿಗದಿಯಾಗುತ್ತದೆ. ಮಿತಿ ದಾಟಿದರೆ ಹೆಚ್ಚುವರಿಗೆ ಹಣ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ನಿಮ್ಮ ಮಿತಿ 120 ಯೂನಿಟ್ ಎಂದುಕೊಳ್ಳಿ. ಹನ್ನೆರಡನೇ ದಿನಕ್ಕೆ 54 ಯೂನಿಟ್ ಆಗಿದ್ದರೆ ದಿನಕ್ಕೆ 4.5, ಇದೇ ವೇಗದಲ್ಲಿ ತಿಂಗಳಿಗೆ 135. ಉಳಿದ ಹದಿನೆಂಟು ದಿನ ದಿನಕ್ಕೆ 3.66ಕ್ಕೆ ಇಳಿಸಿದರೆ ಮಿತಿಯೊಳಗೆ ಬರುತ್ತೀರಿ. ಮೀಟರ್ ರೀಡರ್ ಚೀಟಿ ಕೊಡುವ ದಿನ ತಿಳಿಯುವುದಕ್ಕಿಂತ ಹನ್ನೆರಡನೇ ದಿನ ತಿಳಿಯುವುದು ಎಷ್ಟು ಉಪಕಾರ! ಬ್ರಿಟನ್ನಿನ ಆ್ಯಪ್ ಇದನ್ನು ಪೌಂಡಿನಲ್ಲಿ ಹೇಳುತ್ತದೆ. ನಮ್ಮ ಮನೆಗಳಿಗೆ ಬೇಕಾದದ್ದು ಯೂನಿಟ್‌ನಲ್ಲಿ ಹೇಳುವ, ಕನ್ನಡದಲ್ಲಿ ಎಚ್ಚರಿಸುವ ಆ್ಯಪ್. ನಮ್ಮಲ್ಲಿ ಯಾರಾದರೂ ಪ್ರಾಜೆಕ್ಟ್ ವಿಷಯ ಹುಡುಕುತ್ತಿದ್ದರೆ ದಯವಿಟ್ಟು ಇದನ್ನು ಯೋಚಿಸಿ.

ಉಚಿತ ಎಂದರೆ

ಆ್ಯಪ್ ನಡೆಸುವವರಿಗೆ ಖರ್ಚಿದೆ, ಹಾಗಾದರೆ ಹಣ ಎಲ್ಲಿಂದ? ಕೆಲವರು ಬೇರೆ ವಿದ್ಯುತ್ ಕಂಪನಿಗೆ ಬದಲಾಯಿಸಿಕೊಟ್ಟು ಕಮಿಷನ್ ಪಡೆಯುತ್ತಾರೆ. ಕೆಲವರು ಪ್ರದರ್ಶಕ ಯಂತ್ರ ಮಾರುತ್ತಾರೆ. ಮೂರನೆಯ ದಾರಿ ನಮಗೆ ಹೆಚ್ಚು ಕುತೂಹಲದ್ದು. 2022-23ರ ಚಳಿಗಾಲದಲ್ಲಿ ಬ್ರಿಟನ್ನಿನ ಗ್ರಿಡ್ ನಿರ್ವಾಹಕ ಸಂಸ್ಥೆ, ಸಂಜೆಯ ಒತ್ತಡದ ಹೊತ್ತಿನಲ್ಲಿ ಬಳಕೆ ಇಳಿಸಿದವರಿಗೆ ಇಂಥ ಆ್ಯಪ್‌ಗಳಂಥ ಮಧ್ಯವರ್ತಿಗಳ ಮೂಲಕ ಹಣ ಕೊಡುವ ಯೋಜನೆ ತಂದಿತು. ಆ ಮನೆ ಸಾಮಾನ್ಯವಾಗಿ ಎಷ್ಟು ಬಳಸುತ್ತಿತ್ತು, ಅಂದು ಎಷ್ಟು ಬಳಸಿತು ಎಂದು ಅರ್ಧ ಗಂಟೆಯ ಅಂಕಿಗಳಿಂದಲೇ ತಾಳೆ ನೋಡಿದರು. ತಿಂಗಳಿಗೊಮ್ಮೆ ಓದುವ ಮೀಟರಿನಿಂದ ಇದು ಸಾಧ್ಯವೇ ಇರಲಿಲ್ಲ.

ಅಂಕಿಗಳು ಹೊರಗೆಡವುವ ವಿಷಯ

ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ದಿನ ಊರಲ್ಲಿಲ್ಲ ಎಂಬುದು ಅರ್ಧ ಗಂಟೆಯ ನಕ್ಷೆಯಲ್ಲಿ ಯಾರಿಗಾದರೂ ಕಾಣುತ್ತದೆ. ಉಪಕರಣ ಗುರುತಿಸುವ ವಿದ್ಯೆ ಹುಟ್ಟಿಸಿದ ಹಾರ್ಟ್ ಅವರೇ, ಇದು ಮನೆಗಳ ಮೇಲೆ ಕಣ್ಣಿಡುವ ಸಾಧನವಾಗಬಹುದು ಎಂದು 1989ರಲ್ಲಿ ಬರೆದು ಎಚ್ಚರಿಸಿದ್ದರು. ಆ ಪ್ರಾಮಾಣಿಕತೆಗಾಗಿ ನನಗೆ ಅವರ ಮೇಲೆ ಗೌರವ ಇಮ್ಮಡಿಯಾಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡುವ ಮಸೂದೆ ಖಾಸಗಿತನದ ಕಾರಣಕ್ಕೆ 2009ರಲ್ಲಿ ಸಂಸತ್ತಿನ ಮೇಲ್ಮನೆಯಲ್ಲಿ ನಿಂತುಹೋಯಿತು. ಅಮೆರಿಕದ ನೇಪರ್‌ವಿಲ್ ನಗರದ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ 2018ರಲ್ಲಿ, ಹದಿನೈದು ನಿಮಿಷಕ್ಕೊಮ್ಮೆ ಸಂಗ್ರಹಿಸುವ ಅಂಕಿ ಮನೆಯ ‘ಶೋಧ’ಕ್ಕೆ ಸಮ ಎಂದಿತು; ಆದರೆ ಆ ಸಂದರ್ಭದಲ್ಲಿ ಅದು ಸಮಂಜಸ ಎಂದೂ ತೀರ್ಪು ಕೊಟ್ಟಿತು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಕೇಂದ್ರದಲ್ಲಿಟ್ಟಿದೆ, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕನ್ನೂ ಕೊಟ್ಟಿದೆ. ಆರ್‌ಆರ್ ಸಂಖ್ಯೆ (ಬಿಲ್‌ನಲ್ಲಿರುವ ನಿಮ್ಮ ಸಂಪರ್ಕದ ಸಂಖ್ಯೆ) ಕೇಳುವ ಯಾವುದೇ ಆ್ಯಪ್ ಹಾಕಿಕೊಳ್ಳುವ ಮೊದಲು, ಅದನ್ನು ತೆಗೆದುಹಾಕಿದರೆ ಹಳೆಯ ಅಂಕಿಗಳನ್ನೂ ಅಳಿಸುತ್ತಾರೆಯೇ ಎಂದು ಓದಿ ನೋಡಿ.

ಸ್ಮಾರ್ಟ್ ಮೀಟರ್ ಇಲ್ಲದವರ ಲೆಕ್ಕ

ಈಗಿರುವ ಎಲೆಕ್ಟ್ರಾನಿಕ್ ಮೀಟರಿನಲ್ಲೂ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಮೀಟರಿನ ಮುಖದ ಮೇಲೆ ಅಚ್ಚಾಗಿರುತ್ತದೆ. 3200 ಎಂದು ಹಿಡಿಯೋಣ. ರಾತ್ರಿ ಎಲ್ಲ ದೀಪ ಆರಿಸಿ, ಎಣಿಸುವಷ್ಟು ಹೊತ್ತು ಫ್ರಿಜ್‌ನ ಪ್ಲಗ್ ತೆಗೆದು, 20 ಮಿನುಗಿಗೆ ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. ಮಿನುಗಿನ ಸಂಖ್ಯೆಯನ್ನು 3200ರಿಂದ ಭಾಗಿಸಿ, 3600ರಿಂದ ಗುಣಿಸಿ, ಸೆಕೆಂಡಿನಿಂದ ಭಾಗಿಸಿದರೆ ಕಿಲೋವಾಟ್ ಸಿಗುತ್ತದೆ. 240 ಸೆಕೆಂಡ್ ಹಿಡಿದರೆ ಸುಮಾರು 94 ವಾಟ್. ಈಗ ಸೆಟ್‌ಟಾಪ್ ಬಾಕ್ಸ್‌ನ ಸ್ವಿಚ್ ಆರಿಸಿ ಮತ್ತೆ ಎಣಿಸಿ. 280 ಸೆಕೆಂಡ್ ಆದರೆ ಸುಮಾರು 80 ವಾಟ್. ವ್ಯತ್ಯಾಸ 13ರಿಂದ 14 ವಾಟ್. ಹಗಲೂ ರಾತ್ರಿ ಹಾಗೇ ಬಿಟ್ಟರೆ ಮೂವತ್ತು ದಿನಕ್ಕೆ ಹತ್ತು ಯೂನಿಟ್‌ನ ಆಸುಪಾಸು.