ಗುಂಡು ಎಡಕ್ಕೆ ಬೀಳುತ್ತಿದ್ದರೆ ದುರ್ಬೀನು ಹಚ್ಚಿಸಬೇಕೇ?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಳೆ. ಆರು ತಿಂಗಳಿಂದ ಕಲಬುರಗಿಗೆ ಹೋಗಿ 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಮನೆಯಲ್ಲಿ ಅಭ್ಯಾಸಕ್ಕೆಂದು ಸ್ಪ್ರಿಂಗಿನ ಏರ್‌ಗನ್ ಒಂದನ್ನು ಕೊಂಡೆವು. ಗುಂಡುಗಳೆಲ್ಲ ಕಪ್ಪು ವೃತ್ತದ ಎಡಕ್ಕೆ, ಸ್ವಲ್ಪ ಕೆಳಗೆ ಬೀಳುತ್ತಿವೆ. ಅಂಗಡಿಯವರು ‘ದುರ್ಬೀನ ಹಚ್ಚಿಸ್ರಿ, ನೆಟ್ಟಗ ಬೀಳ್ತದ’ ಎನ್ನುತ್ತಾರೆ. ಹಚ್ಚಿಸಬೇಕೇ? ಎಷ್ಟು ಪವರಿನದು ಒಳ್ಳೆಯದು?
– ಶಹಾಬಾದಿನ ಓದುಗರೊಬ್ಬರು

ಉತ್ತರ: ಸದ್ಯಕ್ಕೆ ಬೇಡ. ‘ಎಲ್ಲ’ ಗುಂಡುಗಳೂ ಎಡಕ್ಕೇ ಬೀಳುತ್ತಿವೆ ಎಂದು ತಾವು ಬರೆದಿರುವುದರಲ್ಲೇ ಅರ್ಧ ಉತ್ತರ ಅಡಗಿದೆ. ಒಂದು ಅತ್ತ, ಒಂದು ಇತ್ತ ಚದುರಿ ಬೀಳುತ್ತಿದ್ದರೆ ಹಿಡಿತವನ್ನೂ ಉಸಿರನ್ನೂ ಟ್ರಿಗರ್ ಎಳೆಯುವ ಬೆರಳನ್ನೂ ನೋಡಬೇಕಾಗುತ್ತಿತ್ತು. ಒಂದೇ ಕಡೆ ಗುಂಪಾಗಿ ಬೀಳುತ್ತಿದ್ದರೆ ಮಗುವಿನ ಕೈಯಲ್ಲಿ ಹೆಚ್ಚಿನ ದೋಷವಿಲ್ಲ, ಬಂದೂಕಿನ ಮೇಲೆ ಗುರಿ ಹಿಡಿಯಲೆಂದಿರುವ ಸೈಟು ಮಾತ್ರ ಬೇರೆ ಕಡೆಗೆ ನೋಡುತ್ತಿದೆ. ಅದನ್ನು ಸರಿಪಡಿಸಲು ಒಂದು ಸ್ಕ್ರೂಡ್ರೈವರ್, ಒಂದು ಅಳತೆಪಟ್ಟಿ, ಒಂದು ಸಂಜೆಯ ತಾಳ್ಮೆ ಸಾಕು.

ಇನ್ನೊಂದು ಕಾರಣವೂ ಇದೆ. ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವಿಲ್ಲ. ಅಲ್ಲಿ ಬಳಸುವುದು ಹಿಂದೆ ಸಣ್ಣ ಕಿಂಡಿ, ಮುಂದೆ ಉಂಗುರ ಇರುವ ಪೀಪ್ ಸೈಟನ್ನು. ನಮ್ಮ ದೇಶದಲ್ಲಿ ಹೊಸಬರಿಗಾಗಿ ಓಪನ್ ಸೈಟ್ ವಿಭಾಗವೂ ಇದೆ, ಅದರಲ್ಲಿ ಹಿಂದೆ ಕಚ್ಚು, ಮುಂದೆ ನಮ್ಮ ಕಡೆ ‘ಮಕ್ಖಿ’ ಎನ್ನುವ ಮೊನೆ ಇರುತ್ತದೆ. ಮಗಳು ವಾರದಲ್ಲಿ ಮೂರು ದಿನ ಕಿಂಡಿಯ ಮೂಲಕ, ನಾಲ್ಕು ದಿನ ದುರ್ಬೀನಿನ ಮೂಲಕ ನೋಡಿದರೆ ಎರಡೂ ಕಣ್ಣಿಗೆ ಒಗ್ಗುವುದಿಲ್ಲ. ದುರ್ಬೀನು ಗುರಿಯನ್ನು ದೊಡ್ಡದಾಗಿ ತೋರಿಸುವಂತೆ ಕೈಯ ನಡುಕವನ್ನೂ ದೊಡ್ಡದಾಗಿಯೇ ತೋರಿಸುತ್ತದೆ. ಆ ನಡುಕ ಕಂಡು ಹೆದರಿದ ಮಕ್ಕಳು ವೃತ್ತ ಒಂದು ಕ್ಷಣ ನಿಂತಂತೆ ಕಂಡ ಕೂಡಲೇ ಟ್ರಿಗರನ್ನು ಜಗ್ಗಿಬಿಡುತ್ತಾರೆ.

ಸೈಟು ಹೊಂದಿಸುವ ಮುನ್ನ ಒಂದು ವಿಷಯ ಸ್ಪಷ್ಟವಾಗಿರಬೇಕು: ಕಣ್ಣಿನ ಗೆರೆ ಬೇರೆ, ನಳಿಗೆಯ ಗೆರೆ ಬೇರೆ. ಕಲಬುರಗಿ ಕೋಟೆಯ 29 ಅಡಿ ಉದ್ದದ ಬಾರಾ ಗಜೀ ತೋಪಿನ ಪಕ್ಕದಲ್ಲಿ ನಿಂತಾಗಲೆಲ್ಲ ಹಳೆಯ ಗೋಲಂದಾಜರ ಕಷ್ಟ ನನಗೆ ನೆನಪಾಗುತ್ತದೆ. ಅಂದಿನ ತೋಪುಗಳು ಸಾಮಾನ್ಯವಾಗಿ ಹಿಂಬದಿಯಲ್ಲಿ ದಪ್ಪ, ಬಾಯಿಯ ಕಡೆ ಸಣ್ಣ. ತೋಪಿನ ಬೆನ್ನ ಮೇಲೆ ಕಣ್ಣು ಹಾಯಿಸಿ ನೇರವಾಗಿ ಗುರಿ ಹಿಡಿದರೆ ಒಳಗಿನ ನಳಿಗೆ ಮಾತ್ರ ಮೇಲ್ಮುಖವಾಗಿ ಉಳಿದು, ಗುಂಡು ಗುರಿಯ ತಲೆಯ ಮೇಲಿಂದ ಹಾರಿಹೋಗುತ್ತಿತ್ತು. ಏರ್ ರೈಫಲ್‌ನಲ್ಲಿ ಈ ವ್ಯತ್ಯಾಸವನ್ನು ನಾವು ಬೇಕೆಂದೇ ಇಟ್ಟುಕೊಳ್ಳುತ್ತೇವೆ. ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ (ಏರ್‌ಗನ್ನಿನ ಸಣ್ಣ ಗುಂಡು) 10 ಮೀಟರ್ ದಾಟುವಷ್ಟರಲ್ಲಿ ಹೆಚ್ಚುಕಡಿಮೆ 17 ಮಿಲಿಮೀಟರ್ ಕೆಳಗಿಳಿದಿರುತ್ತದೆ. ಸ್ಪರ್ಧೆಯ ಗುರಿಹಲಗೆಯಲ್ಲಿ ಉಂಗುರದಿಂದ ಉಂಗುರಕ್ಕೆ ಅಂತರ 2.5 ಮಿಲಿಮೀಟರ್, ಹತ್ತು ಅಂಕದ ಚುಕ್ಕೆಯ ವ್ಯಾಸ ಬರೀ ಅರ್ಧ ಮಿಲಿಮೀಟರ್. ಹೀಗಿರುವಾಗ ಐದು ಮೀಟರಿನ ಪಡಸಾಲೆಯಲ್ಲಿ ಹೊಂದಿಸಿದ ಸೈಟು 10 ಮೀಟರಿನಲ್ಲಿ ಸರಿಯಾಗಿರುತ್ತದೆ ಎಂದು ನಂಬಬಾರದು. ಎಷ್ಟು ದೂರದಿಂದ ಹೊಡೆಯುತ್ತೀರೋ ಅಷ್ಟೇ ದೂರದಲ್ಲಿ ಹೊಂದಿಸಬೇಕು. ಮನೆಯಲ್ಲಿ 10 ಮೀಟರ್ ಜಾಗವಿಲ್ಲದಿದ್ದರೆ ಅಲ್ಲಿ ನಿಲುವು ಮತ್ತು ಟ್ರಿಗರ್ ಅಭ್ಯಾಸ ಮಾತ್ರ ನಡೆಯಲಿ.

ಈಗ ಕೆಲಸಕ್ಕೆ ಬರೋಣ. ಸೈಟನ್ನು ಮುಟ್ಟುವಾಗ ಬಂದೂಕು ಖಾಲಿಯಾಗಿರಬೇಕು, ನಳಿಗೆ ಗುರಿಯ ಕಡೆಗೇ ಇರಬೇಕು, ಗುರಿಯ ಹಿಂದೆ ಪೆಲೆಟ್ ದಾಟಿಹೋಗದಂಥ ತಡೆ ಇರಬೇಕು. ಮೊದಲು ಸೈಟಿನ ಸ್ಕ್ರೂಗಳೆಲ್ಲ ಬಿಗಿಯಾಗಿವೆಯೇ ನೋಡಿರಿ. ಸ್ಪ್ರಿಂಗ್ ಬಂದೂಕಿನ ಒದೆತಕ್ಕೆ ಅವು ತಾವಾಗಿಯೇ ಸಡಿಲಾಗುತ್ತವೆ. ಆಮೇಲೆ ಮೇಜಿನ ಮೇಲೆ ಮಡಚಿದ ಕೌದಿಯೊಂದನ್ನಿಟ್ಟು, ಅದರ ಮೇಲೆ ಮಗಳ ಅಂಗೈ, ಅಂಗೈ ಮೇಲೆ ಬಂದೂಕು ಇರುವಂತೆ ಕೂರಿಸಿ, ಒಂದೇ ಗುರಿ ಹಿಡಿದು ಐದು ಗುಂಡು ಹೊಡೆಯಲಿ. ಒಂದು ಗುಂಡು ಬಿದ್ದ ಕೂಡಲೇ ಸ್ಕ್ರೂ ತಿರುಗಿಸುವುದು ಎಲ್ಲರೂ ಮಾಡುವ ತಪ್ಪು. ಐದೂ ಬಿದ್ದ ಮೇಲೆ ಆ ಗುಂಪಿನ ನಡುವನ್ನು ಪೆನ್ಸಿಲಿನಿಂದ ಗುರುತಿಸಿ ಅಳೆಯಿರಿ.

ಗುಂಪಿನ ನಡು ಕೇಂದ್ರದಿಂದ 9 ಮಿಲಿಮೀಟರ್ ಎಡಕ್ಕೆ, 4 ಮಿಲಿಮೀಟರ್ ಕೆಳಗೆ ಇದೆ ಎಂದಿಟ್ಟುಕೊಳ್ಳೋಣ. ಗುಂಡು ಯಾವ ಕಡೆ ಹೋಗಬೇಕೋ ಹಿಂಬದಿಯ ಸೈಟು ಆ ಕಡೆಗೇ ಸರಿಯಬೇಕು, ಇಲ್ಲಿ ಬಲಕ್ಕೆ ಮತ್ತು ಮೇಲಕ್ಕೆ. ಮುಂದಿನ ಮಕ್ಖಿಯನ್ನು ಸರಿಸುವುದಾದರೆ ಇದು ತಿರುಗುಮುರುಗಾಗುತ್ತದೆ. ಸೈಟು ಸರಿಸುವ ಗುಂಡಿಯ ಮೇಲಿನ ಬಾಣದ ಗುರುತನ್ನು ಮಾತ್ರ ಪರೀಕ್ಷಿಸದೆ ನಂಬಬೇಡಿರಿ: ಕೆಲವು ತಯಾರಕರು ಗುಂಡು ಹೋಗಬೇಕಾದ ದಿಕ್ಕನ್ನು ಬರೆದರೆ, ಇನ್ನು ಕೆಲವರು ಗುಂಡು ಈಗ ಬಿದ್ದಿರುವ ದಿಕ್ಕನ್ನು ಬರೆಯುತ್ತಾರೆ. ಆ ಗುಂಡಿಯನ್ನು ಹತ್ತು ಕ್ಲಿಕ್ (ತಿರುಗಿಸುವಾಗ ಟಿಕ್ಕೆನ್ನುವ ಒಂದೊಂದು ಹೆಜ್ಜೆ) ತಿರುಗಿಸಿ ಮತ್ತೆ ಐದು ಗುಂಡು ಹೊಡೆದಾಗ ಗುಂಪು 6 ಮಿಲಿಮೀಟರ್ ಬಲಕ್ಕೆ ಸರಿದಿದ್ದರೆ, ಉಳಿದ 3 ಮಿಲಿಮೀಟರಿಗೆ ಇನ್ನೈದು ಕ್ಲಿಕ್ ಎಂದು ಲೆಕ್ಕ ತಾನಾಗಿಯೇ ಸಿಗುತ್ತದೆ. ಎತ್ತರಕ್ಕೂ ಹೀಗೆಯೇ. ಕ್ಲಿಕ್ ಇಲ್ಲದ ಸಾದಾ ಸೈಟಿನಲ್ಲಿ ಕೈ ಹಗುರವಾಗಿರಬೇಕು. ಎರಡು ಸೈಟುಗಳ ನಡುವಿನ ಅಂತರ 50 ಸೆಂಟಿಮೀಟರ್ ಇದ್ದರೆ, ಹಿಂಬದಿಯ ಕಚ್ಚು 0.1 ಮಿಲಿಮೀಟರ್, ಅಂದರೆ ಒಂದು ಕಾಗದದ ದಪ್ಪದಷ್ಟು ಸರಿದರೂ ಗುರಿಯಲ್ಲಿ ಗುಂಡು 2 ಮಿಲಿಮೀಟರ್ ಸರಿಯುತ್ತದೆ. ಅಗ್ಗದ ಸೈಟುಗಳ ಸ್ಕ್ರೂವಿನಲ್ಲಿ ಸ್ವಲ್ಪ ಆಟವೂ ಇರುತ್ತದೆ. ಹಿಂದಕ್ಕೆ ತಿರುಗಿಸಬೇಕಾದಾಗ ಎರಡು ಕ್ಲಿಕ್ ಹೆಚ್ಚಾಗಿಯೇ ಹಿಂದೆ ಹೋಗಿ, ಮತ್ತೆ ಎರಡು ಮುಂದೆ ಬಂದು ನಿಲ್ಲಿಸುವುದು ಒಳ್ಳೆಯದು.

ಇಷ್ಟಾದರೂ ಗುಂಪು ನಿಂತಲ್ಲಿ ನಿಲ್ಲದಿದ್ದರೆ ಎರಡು ಸಂಗತಿ ನೋಡಬೇಕು. ಬಂದೂಕು ಬಲಕ್ಕೆ ವಾಲಿದರೆ ಗುಂಡು ಬಲಕ್ಕೂ ಕೆಳಕ್ಕೂ, ಎಡಕ್ಕೆ ವಾಲಿದರೆ ಎಡಕ್ಕೂ ಕೆಳಕ್ಕೂ ಬೀಳುತ್ತದೆ. ತಮ್ಮ ಮಗಳ ಗುಂಡುಗಳು ಎಡಕ್ಕೆ, ಕೆಳಗೆ ಬೀಳುತ್ತಿರುವುದರಿಂದ ಇದನ್ನು ಮೊದಲೇ ಪರೀಕ್ಷಿಸಿದರೂ ತಪ್ಪಿಲ್ಲ. ಆಕೆಯ ಹಿಂದೆ ನಿಂತು ನೋಡಿದರೆ ತಿಳಿಯುತ್ತದೆ. ಎರಡನೆಯದು ಬೆಳಕು. ನಮ್ಮ ಕಡೆಯ ಅಭ್ಯಾಸದ ಜಾಗಗಳು ಬಹುಪಾಲು ತಗಡಿನ ಶೆಡ್ಡುಗಳು, ಒಂದು ಪಕ್ಕ ಪೂರ್ತಿ ತೆರೆದಿರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಎಡಗಡೆಯಿಂದ ಬಿಸಿಲು ಹೊಡೆದಾಗ ಮಕ್ಖಿಯ ಎಡ ಅಂಚು ಹೊಳೆಯುತ್ತದೆ, ಕಣ್ಣು ಆ ಹೊಳಪನ್ನೇ ಮಕ್ಖಿಯ ನಡುವೆಂದು ತಿಳಿದು ಕಚ್ಚಿನ ನಡುವೆ ನಿಲ್ಲಿಸುತ್ತದೆ, ಗುಂಡು ಬಲಕ್ಕೆ ಹೋಗುತ್ತದೆ. ಇದಕ್ಕೆ ಹಳಬರ ಉಪಾಯವೊಂದಿದೆ. ಬಂದೂಕು ಖಾಲಿ ಮಾಡಿ, ಕರ್ಪೂರದ ಬಿಲ್ಲೆಯೊಂದನ್ನು ಹಚ್ಚಿ, ಜ್ವಾಲೆಯ ತುದಿಯ ಹೊಗೆಗೆ ಲೋಹದ ಮಕ್ಖಿಯನ್ನು ಒಂದೆರಡು ಕ್ಷಣ ಹಿಡಿದರೆ ಕಾಡಿಗೆಯಂಥ ಕಪ್ಪು ಮಸಿ ತೆಳ್ಳಗೆ ಕೂತು ಹೊಳಪು ಮಾಯವಾಗುತ್ತದೆ. ಪ್ಲಾಸ್ಟಿಕ್ ಸೈಟಿಗೆ ಇದನ್ನು ಮಾಡಬೇಡಿರಿ, ಕರಗೀತು.

ಪೀಪ್ ಸೈಟಿಗೆ ಬಂದಾಗ ಆಯ್ಕೆ ಮಾಡಬೇಕಾದ್ದು ಮುಂದಿನ ಉಂಗುರದ ಅಳತೆಯನ್ನು. ಗುರಿಹಲಗೆಯ ಕಪ್ಪು ವೃತ್ತದ ವ್ಯಾಸ 30.5 ಮಿಲಿಮೀಟರ್. ಅದು ಕಣ್ಣಿನಿಂದ ಸುಮಾರು 90 ಸೆಂಟಿಮೀಟರ್ ದೂರದ ಉಂಗುರದೊಳಗೆ 2.7 ಮಿಲಿಮೀಟರಿನಷ್ಟು ಕಾಣುತ್ತದೆ. ಕರಾರುವಾಕ್ಕಾಗಿರಲಿ ಎಂದು ಹೊಸಬರು 3.2 ಮಿಲಿಮೀಟರಿನ ಬಿಗಿ ಉಂಗುರ ಹಾಕುತ್ತಾರೆ. ಆಗ ಕಪ್ಪಿನ ಸುತ್ತ ಉಳಿಯುವ ಬಿಳಿ ಗೆರೆ ಕೂದಲೆಳೆಯಷ್ಟಾಗಿ, ಕಣ್ಣು ಬೇಗ ದಣಿದು, ವೃತ್ತ ಉಂಗುರಕ್ಕೆ ಅಂಟಿದಂತೆ ಕಾಣತೊಡಗುತ್ತದೆ. 4 ಮಿಲಿಮೀಟರಿನ ಆಸುಪಾಸಿನಿಂದ ಆರಂಭಿಸುವುದು ನನ್ನ ಸಲಹೆ.

ಮುಂದೆಂದಾದರೂ ಹವ್ಯಾಸಕ್ಕಾಗಿ ದುರ್ಬೀನು ಬೇಕೆನಿಸಿದರೆ, ಸ್ಪ್ರಿಂಗ್ ಏರ್‌ಗನ್‌ಗೆಂದೇ ತಯಾರಾದದ್ದನ್ನು ಕೊಳ್ಳಿರಿ. ಈ ಬಂದೂಕು ಹಿಂದಕ್ಕೆ ಒದ್ದು ಮರುಕ್ಷಣವೇ ಮುಂದಕ್ಕೂ ಜಗ್ಗುತ್ತದೆ. ಹಿಂದಿನ ಒದೆತವನ್ನಷ್ಟೇ ತಾಳುವಂತೆ ಕಟ್ಟಿದ ದುರ್ಬೀನಿನ ಒಳಗಿನ ಗಾಜು ಇದರಿಂದ ಸಡಿಲಾಗಬಹುದು. ನಾಲ್ಕು ಪವರ್ ಧಾರಾಳವಾಯಿತು. ಅದಕ್ಕಿಂತ ಮುಖ್ಯವಾಗಿ ಅದು 10 ಮೀಟರಿಗೆ ಫೋಕಸ್ ಆಗಬೇಕು, ಏಕೆಂದರೆ ದೊಡ್ಡ ರೈಫಲ್ಲುಗಳ ದುರ್ಬೀನುಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ, ಹತ್ತಿರದ ಗುರಿ ಅವುಗಳಲ್ಲಿ ಮಸುಕಾಗಿ, ಕಣ್ಣು ಸರಿದಂತೆಲ್ಲ ಜಾರಿದಂತೆ ಕಾಣುತ್ತದೆ. 100 ಗಜಕ್ಕೆ ಕಾಲು ಇಂಚು ಎಂದು ಬರೆದಿರುವ ಒಂದು ಕ್ಲಿಕ್ 10 ಮೀಟರಿನಲ್ಲಿ ಸುಮಾರು 0.7 ಮಿಲಿಮೀಟರ್ ಮಾತ್ರ. ನಾನೇ ಒಮ್ಮೆ ಸ್ಪ್ರಿಂಗ್ ಬಂದೂಕಿಗೆ ದುರ್ಬೀನು ಹಚ್ಚಿ, ಗುಂಡು ಎಲ್ಲೆಲ್ಲೋ ಬೀಳುತ್ತಿದೆಯೆಂದು ಒಂದು ಮಧ್ಯಾಹ್ನವಿಡೀ ಗುಂಡಿ ತಿರುಗಿಸುತ್ತ ಕೂತಿದ್ದೆ. ಕಡೆಗೆ ನೋಡಿದರೆ ಇಡೀ ದುರ್ಬೀನೇ ಹಳಿಯ ಮೇಲೆ ಒಂದು ಬೆರಳಿನಷ್ಟು ಹಿಂದಕ್ಕೆ ಜಾರಿತ್ತು. ಹಿಡಿಕೆಗಳ ಹಿಂದೆ ಒಂದು ತಡೆಗಟ್ಟು ಹಾಕಿಸದೆ ಇದ್ದದ್ದೇ ತಪ್ಪು.

ತಾವು ಕೇಳದ ಒಂದು ವಿಷಯವನ್ನೂ ಹೇಳಬೇಕಾಗಿದೆ, ಏಕೆಂದರೆ ನಮ್ಮ ಜಿಲ್ಲೆಗಳಲ್ಲಿ ದುರ್ಬೀನು ಕೇಳುವವರಲ್ಲಿ ಹಲವರ ಕಣ್ಣು ಗುರಿಹಲಗೆಯ ಮೇಲಿರುವುದಿಲ್ಲ, ತೊಗರಿ ಹೊಲದ ಮೇಲಿರುತ್ತದೆ. 4.5 ಮಿಲಿಮೀಟರ್ ವ್ಯಾಸವನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲ, ನಿಜ. ಆದರೆ ಕೃಷ್ಣಮೃಗಕ್ಕೋ ನವಿಲಿಗೋ ಗುರಿಯಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಕೈಯಲ್ಲಿರುವುದು ಏರ್‌ಗನ್ ಎಂಬ ಕಾರಣಕ್ಕೆ ಅದು ಅಪರಾಧವಲ್ಲವೆಂದಾಗುವುದಿಲ್ಲ.

ಸೈಟು ಕೂತ ಮೇಲೆ ಕ್ಲಿಕ್‌ಗಳ ಸಂಖ್ಯೆಯನ್ನು, ಪೆಲೆಟ್ ಡಬ್ಬಿಯ ಹೆಸರನ್ನು, ದಿನದ ಬೆಳಕು ಹೇಗಿತ್ತೆಂಬುದನ್ನು ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಪೆಲೆಟ್ ಬದಲಾದರೆ ಗುಂಪಿನ ಜಾಗವೂ ಬದಲಾಗಬಹುದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಫೈನಲ್ ಆರಂಭವಾಗುವ ಮುನ್ನ ಅಭಿನವ್ ಬಿಂದ್ರಾ ಅವರು ಹೊಡೆದ ಪರೀಕ್ಷಾ ಗುಂಡು ಕೇಂದ್ರದಿಂದ ಬಹಳ ದೂರ ಬಿದ್ದಿತ್ತು. ಸಿಕ್ಕ ಅಲ್ಪ ಸಮಯದಲ್ಲೇ ಅವರು ಸೈಟು ತಿರುಗಿಸಿ ಸರಿಪಡಿಸಿಕೊಂಡು, ಆಮೇಲೆ ಚಿನ್ನ ಗೆದ್ದರು. ಶಹಾಬಾದಿನಿಂದ ಕಲಬುರಗಿಗೆ ಬಸ್ಸಿನಲ್ಲಿ ಅಲುಗಾಡುತ್ತ ಬರುವ ಬಂದೂಕಿನ ಮೊದಲ ಐದು ಗುಂಡು ಪ್ರತಿಸಲವೂ ಸೈಟಿನ ಪರೀಕ್ಷೆಗೇ ಮೀಸಲಿರಲಿ, ಅಂಕಕ್ಕಲ್ಲ.