ಆರ್ಡರ್ ಅರ್ಧ ಆದ್ರೂ ಕರೆಂಟ್ ಬಿಲ್ ಯಾಕೆ ಅರ್ಧ ಆಗಲ್ಲ?

ಓದುಗರ ಪ್ರಶ್ನೆ: ಮಾಚೇನಹಳ್ಳೀಲಿ ನಮ್ದೊಂದು ಸಣ್ಣ ಸಿಎನ್‌ಸಿ ಶಾಪ್ (ಕಂಪ್ಯೂಟರ್ ಹೇಳಿದಂಗೆ ಲೋಹ ಕತ್ತರಿಸೋ ಮೆಷಿನ್‌ಗಳ ವರ್ಕ್‌ಶಾಪ್) ಇದೆ. ಆರ್ಡರ್ ಅರ್ಧಕ್ಕೆ ಇಳಿದಿದೆ, ಬಿಲ್ಲು ಮಾತ್ರ ಹೆಚ್ಚೇನೂ ಇಳಿದಿಲ್ಲ. ಮೀಟರ್ ಚೆಕ್ ಮಾಡಿಸ್ದೆ, ಸರಿ ಇದೆ. ಯಾಕೆ ಹೀಗೆ?

ಉತ್ತರ: ಬಿಲ್ಲಲ್ಲಿ ಫಿಕ್ಸೆಡ್ ಚಾರ್ಜ್ ಅಂತ ಇರೋದು ಹೇಗೂ ಇಳಿಯಲ್ಲ, ಅದು ಬಿಡಿ. ಯೂನಿಟ್ಟೇ ಯಾಕೆ ಇಳೀಲಿಲ್ಲ ಅನ್ನೋದು ವಿಷಯ. ಇದನ್ನ ಸರಿಯಾಗಿ ಅಳೆದು ತೋರಿಸಿದವರಲ್ಲಿ ಒಬ್ರು ಅಮೆರಿಕದ ಎಂಐಟಿ ಯೂನಿವರ್ಸಿಟಿಯ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪ್ರೊಫೆಸರ್ ಟಿಮೊಥಿ ಗುಟೋಸ್ಕಿ. ಮೊದಲು ಅವರು ಕೆಲಸ ಮಾಡಿದ್ದು ಫೈಬರ್ ಕಾಂಪೊಸಿಟ್ ತಯಾರಿಕೆ ಮೇಲೆ, ಆಮೇಲೆ ತಯಾರಿಕೆಗೆ ಎಷ್ಟು ಎನರ್ಜಿ, ಎಷ್ಟು ಕಚ್ಚಾವಸ್ತು ಹೋಗುತ್ತೆ ಅನ್ನೋದಕ್ಕೇ ತಮ್ಮ ರಿಸರ್ಚ್ ತಿರುಗಿಸಿದ್ರು. 2006ರಲ್ಲಿ ಜೊತೆಯವರೊಂದಿಗೆ ಬರೆದ ಪೇಪರ್‌ನಲ್ಲಿ ಟೊಯೊಟಾದ ಒಂದು ಮೆಷಿನಿಂಗ್ ಲೈನಿನ ಲೆಕ್ಕ ಕೊಟ್ಟಿದ್ದಾರೆ, ಅಲ್ಲಿ ಒಟ್ಟು ಕರೆಂಟಲ್ಲಿ ಲೋಹ ಕತ್ತರಿಸೋ ನಿಜವಾದ ಕೆಲಸಕ್ಕೆ ಹೋಗಿದ್ದು ಹೆಚ್ಚಂದ್ರೆ ಶೇ. 15ರ ಹತ್ತಿರ, ಅಷ್ಟೇ ಮಾರಾಯ್ರೆ! ಉಳಿದದ್ದೆಲ್ಲ ಕೂಲೆಂಟ್ (ಕತ್ತರಿಸೋವಾಗ ತಂಪು ಮಾಡೋ ದ್ರವ) ಪಂಪು, ಹೈಡ್ರಾಲಿಕ್ ಪಂಪು, ಗಾಳೀಲಿ ಹಾರೋ ಅದರ ಹನಿ ಹೀರೋ ಮಿಸ್ಟ್ ಕಲೆಕ್ಟರ್ ಇಂಥವಕ್ಕೆ. ಜಾಬ್ (ಕತ್ತರಿಸ್ಬೇಕಾದ ಪೀಸು) ಹಾಕಿದ್ರೂ ಹಾಕದಿದ್ರೂ ಇವು ಓಡ್ತಾನೇ ಇರ್ತವೆ.

ಅವರ ಸೂತ್ರ ತುಂಬಾ ಸರಳ. ಮೆಷಿನ್ ಆನ್ ಇದ್ರೆ ಸಾಕು ಎಳೆಯೋ ಪವರ್ ಒಂದು, ಎಷ್ಟು ಕತ್ತರಿಸ್ತೀವೋ ಅಷ್ಟಕ್ಕೆ ತಕ್ಕಂತೆ ಏರೋ ಪವರ್ ಇನ್ನೊಂದು. ಮೊದಲನೇದು ದೊಡ್ಡದು, ಎರಡನೇದು ಚಿಕ್ಕದು. ಹಾಗಾಗಿ ನಿಧಾನಕ್ಕೆ, ಬಿಟ್ಟು ಬಿಟ್ಟು ಮಾಡಿದಷ್ಟೂ ಒಂದೊಂದು ಪೀಸಿನ ತಲೆ ಮೇಲೆ ಬೀಳೋ ಯೂನಿಟ್ ಜಾಸ್ತಿ ಆಗ್ತಾ ಹೋಗುತ್ತೆ. ಸ್ಟ್ಯಾಂಡಲ್ಲಿ ಇಂಜಿನ್ ಆಫ್ ಮಾಡ್ದೆ ಪ್ಯಾಸೆಂಜರ್‌ಗೆ ಕಾಯೋ ಖಾಸಗಿ ಬಸ್ಸಿನ ಡೀಸೆಲ್ ಲೆಕ್ಕ ಇದ್ದಂಗೆ.

ಲೋಹ ಕರಗಿಸಿ ಅಚ್ಚಿಗೆ ಹುಯ್ಯೋ ನಮ್ಮ ಶಿವಮೊಗ್ಗದ ಫೌಂಡ್ರಿಗಳಿಗೂ ಇದೇ ಲೆಕ್ಕ ಅನ್ವಯಿಸುತ್ತೆ. ಒಂದು ಟನ್ ಕಬ್ಬಿಣ ಕರಗಿಸಿ 1500 ಡಿಗ್ರಿಗೆ ತರೋಕೆ ಥಿಯರಿ ಪ್ರಕಾರ 400 ಯೂನಿಟ್ ಆಸುಪಾಸು ಸಾಕು, ಆದ್ರೆ ಇಂಡಕ್ಷನ್ ಫರ್ನೇಸಲ್ಲಿ (ಕರೆಂಟಲ್ಲಿ ಲೋಹ ಕರಗಿಸೋ ಕುಲುಮೆ) 550–650 ಆಗೋದು ಮಾಮೂಲು. ಮೋಲ್ಡ್ (ಅಚ್ಚು) ರೆಡಿ ಆಗ್ಲಿಲ್ಲ ಅಂತ ಫರ್ನೇಸಿನ ಮುಚ್ಚಳ ತೆಗ್ದಿಟ್ಟು ಕಾಯ್ತಾ ನಿಂತ್ರೆ ಇನ್ನೂ ಮೇಲೆ ಹೋಗುತ್ತೆ, ಆ ಬಿಸಿ ಎಲ್ಲ ಶೆಡ್ಡಿನ ಗಾಳಿಗೆ, ಪಾಪ ಪಕ್ಕದಲ್ಲಿ ನಿಂತ ಹುಡುಗರ ಮೈಗೆ.

ನೀವೇನು ಮಾಡ್ಬಹುದು ಅಂದ್ರೆ, ಮೊದ್ಲು ಎಲೆಕ್ಟ್ರಿಷಿಯನ್ ಕೈಲಿ ಮೆಷಿನ್ ಸುಮ್ನೆ ನಿಂತಿರೋವಾಗ ಒಂದ್ಸಲ, ಕಟಿಂಗ್ ನಡೀತಿರೋವಾಗ ಒಂದ್ಸಲ ಪವರ್ ಎಷ್ಟು ಎಳೆಯುತ್ತೆ ಅಳೆಸಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಎರಡು ಶಿಫ್ಟಲ್ಲಿ ಅರ್ಧರ್ಧ ಓಡಿಸೋ ಬದ್ಲು ಒಂದೇ ಶಿಫ್ಟಿಗೆ ಕೆಲ್ಸ ಒಟ್ಟು ಮಾಡಿ. ಹಾಗಂತ ಟೀ ಬ್ರೇಕಿಗೆಲ್ಲ ಮೇನ್ ಆಫ್ ಮಾಡ್ಬೇಡಿ, ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಲೆಕ್ಕದ ಜಾಬ್ ಇದ್ರೆ ಸ್ಪಿಂಡಲ್ (ಮೆಷಿನ್ನಿನ ತಿರುಗೋ ಶಾಫ್ಟ್) ತಣ್ಣಗಾಗಿ ಅಳತೆ ಆಚೀಚೆ ಆಗುತ್ತೆ. ಅದರ ಬದ್ಲು ಮೆಷಿನ್ ಸುಮ್ನಿದ್ದಾಗ ಕೂಲೆಂಟೂ ಹೈಡ್ರಾಲಿಕ್ಕೂ ತಾನಾಗೇ ನಿಲ್ಲೋ ಹಾಗೆ ಕಂಟ್ರೋಲರ್‌ನಲ್ಲಿ ಸೆಟ್ಟಿಂಗ್ ಇದ್ಯಾ ಅಂತ ಸರ್ವೀಸ್‌ನವರನ್ನ ಕೇಳಿ.

ಗಾಳಿ ಒತ್ತಿ ತುಂಬೋ ಕಂಪ್ರೆಸರ್ ಮರೀಬೇಡಿ ಮತ್ತೆ. ಭಾನುವಾರ ಎಲ್ಲಾ ಮೆಷಿನ್ ನಿಂತಿರೋವಾಗ ಅದೊಂದನ್ನೇ ಆನ್ ಮಾಡಿ ಪ್ರೆಶರ್ ತುಂಬೋಕೆ ಬಿಡಿ, ಯಾರೂ ಗಾಳಿ ಬಳಸ್ತಿಲ್ಲ ಅಂದ್ರೂ ಅದು ಮತ್ತೆ ಮತ್ತೆ ಲೋಡ್ ತಗೊಳ್ತಾ (ಗಾಳಿ ತುಂಬೋಕೆ ಶುರು ಮಾಡ್ತಾ) ಇದ್ರೆ ಪೈಪಲ್ಲೋ ಕಪ್ಲಿಂಗಲ್ಲೋ ಲೀಕ್ ಇದೆ. ಸೋಪ್ ನೀರು ಹಚ್ಚಿ ನೋಡಿ, ಗುಳ್ಳೆ ಬಂದ ಜಾಗ ಸೋಮವಾರ ಬೆಳಗ್ಗೆನೇ ರಿಪೇರಿ ಮಾಡ್ಸಿ.